ಇತರೆ

ಕಿರುಗಾವಲಿನ ಹೈಸ್ಕೂಲಿನ ರೈಲುಕಂಬಿ ತುಂಡು
ದಸರಾ ರಜೆಯಲ್ಲಿ ಯಾವನ ಗುಜರಿ ಚೀಲಕ್ಕೆ ಬಿತ್ತೋ,
ಅಂದಿನಿಂದ ಕೆಂಪಾಜಮ್ಮ ಬಿಸಿಯೂಟದ ತಪ್ಪಲೆ ಮುಚ್ಚಳಕ್ಕೆ
ಸೌಟಿನಲ್ಲಿ ಬಡಿಯುತ್ತಾಳೆ.
ಮೊದಲ ಪೀರಿಯಡ್ಡಿಗೇ ಮಕ್ಕಳು ತಟ್ಟೆ ಹಿಡಿದು ಬರುತ್ತಾರೆ.

ಮಾರ್ಚ್ ಮೂವತ್ತೊಂದರೊಳಗೆ ಕೊಳ್ಳಿ, ಅಂದರು ಹೆಡ್ಮೇಷ್ಟ್ರು,
ಆನ್‌ಲೈನಿನಲ್ಲೇ, ಕಡೇಪಕ್ಷ ಮೂವರನ್ನು ಹೋಲಿಸಿ.
ತಪ್ಪಿದರೆ ಅನುದಾನ ವಾಪಸ್ಸು.
ನಾನು ದ್ವಿತೀಯ ದರ್ಜೆ ಗುಮಾಸ್ತ.
ಗಂಟೆ ಎಂದು ಟೈಪಿಸಿದೆ.

ಇಪ್ಪತ್ತನಾಲ್ಕು ಗಂಟೆ ಬಿಸಿಯಿಡುವ ಫ್ಲಾಸ್ಕು ಬಂತು,
ಎಂಟು ಗಂಟೆ ಉರಿಯುವ ಸೊಳ್ಳೆಬತ್ತಿ ಬಂತು,
ನಲವತ್ತೆಂಟು ಗಂಟೆಯೊಳಗೆ ಬಾಗಿಲಿಗೇ ಬರುವ ಕಬ್ಬಿಣದ ಬೀರು.
ತಪ್ಪು ಅದರದ್ದಲ್ಲ.
ಹೊತ್ತಿಗೂ ಸದ್ದಿಗೂ ಒಂದೇ ಹೆಸರಿಟ್ಟುಕೊಂಡು ಕೂತವರು ನಾವು.

ವರ್ಗ ವರ್ಗವಾಗಿ ಇಳಿದೆ.
ಪೂಜಾ ಸಾಮಗ್ರಿಯಲ್ಲಿ ನಂದಿ ಹಿಡಿಯದು,
ಸೈಕಲ್ ಬಿಡಿಭಾಗದಲ್ಲಿ ಟ್ರಿಣ್ ಅನ್ನುವುದು,
ಪಶುಸಂಗೋಪನೆಯಲ್ಲಿ ಹಸುವಿನ ಕೊರಳಿನದು,
ಅಗ್ನಿಶಾಮಕದಲ್ಲಿ ಕೆಂಪಗೆ ಊದಿಕೊಂಡದ್ದು.
ಶಾಲೆಯದು ಸಿಕ್ಕಿದ್ದು ‘ಪೀಠೋಪಕರಣ – ಇತರೆ’ಯಲ್ಲಿ,
ನೋಟೀಸು ಬೋರ್ಡಿಗೂ ಕಸದ ಬುಟ್ಟಿಗೂ ನಡುವೆ.

ಮೂರಕ್ಕೆ ಟಿಕ್ ಹಾಕಿದೆ. ಕೋಷ್ಟಕ ಬಿಚ್ಚಿಕೊಂಡಿತು:
ತೂಕ, ವ್ಯಾಸ, ಲೋಹ, ವಾರಂಟಿ,
ಮೊರಾದಾಬಾದು, ರಾಜಕೋಟು, ಕುಂಭಕೋಣ.
ಮೂರೂರಿನ ಮೂರಕ್ಕೂ ಒಂದೇ ಫೋಟೋ,
ಬಲಗಡೆ ಅಂಚಿನ ಗೀರು ಕೂಡ ಅದೇ.
ಬೆಲೆ ಮಾತ್ರ ಬೇರೆ ಬೇರೆ.

ಬೆನ್ನ ಹಿಂದಿನಿಂದ ಕೆಂಪಾಜಮ್ಮ ಬಗ್ಗಿ ನೋಡಿದಳು.
“ಸದ್ದು ಎಲ್ಲದೆ ಸಾ?”
ಅದಕ್ಕೆ ಕಾಲಂ ಇಲ್ಲ, ಅಂದೆ.
“ಅಲ್ಲ, ಬನ್ನೂರ್ ಕುರಿಯ ಹಲ್ಲು ನೋಡ್ದೆ
ಹೊಡ್ಕಂಡ್ ಬಂದಂಗಾಯ್ತದಲ್ಲ ಸಾ.”

ಪುಟದ ತಳದಲ್ಲಿ ಇರುವೆಯಷ್ಟು ಫೋನ್ ನಂಬರು.
ರಾಜಕೋಟಿನವನ ಹತ್ತಿರ ಗಂಟೆಯೇ ಇಲ್ಲವಂತೆ,
ಆರ್ಡರ್ ಬಿದ್ದರೆ ಎಲ್ಲಿಂದಲೋ ತರಿಸುತ್ತಾನಂತೆ.
ಮೊರಾದಾಬಾದಿನವನು ನಗುತ್ತಲೇ ಎರಡು ಸಲ ಕುಟ್ಟಿದ.
ಆಕೆ ಫೋನು ಕಿವಿಗೊತ್ತಿ, ಕಣ್ಣು ಮುಚ್ಚಿ,
“ಬೋಕಿ,” ಅಂದಳು.
ಕುಂಭಕೋಣದಲ್ಲಿ ಯಾರೋ ಹೆಂಗಸು,
ಇರುಂಗೋ ಅಂದು ಎದ್ದುಹೋದಳು.
ಚಪ್ಪಲಿ ಸರಿದದ್ದು, ಕುಕ್ಕರು ಕೂಗಿದ್ದು,
ಒಂದು ಮಗು ಬೈಸಿಕೊಂಡದ್ದು,
ಆಮೇಲೆ
ಅದು.
ನಿಂತಿತು ಅಂದುಕೊಂಡ ಮೇಲೂ ಇತ್ತು.
“ಇನ್ನೊಂದ್ಸಲ ವಡೀರಿ ಅನ್ನಿ.”
ಕನ್ನಡದಲ್ಲೇ ಅಂದೆ. ಆಯಮ್ಮ ಹೊಡೆದಳು.

ಮಿಕ್ಕವಕ್ಕಿಂತ ಇನ್ನೂರ ಹತ್ತು ಜಾಸ್ತಿ.
ಕಡಿಮೆ ದರ ಬಿಟ್ಟದ್ದಕ್ಕೆ ಕಾರಣ? ಕೇಳಿತು ಪರದೆ.
ಪ್ರಮಾಣಪತ್ರ. ವಿತರಣಾ ಅವಧಿ. ಇತರೆ.
ಇತರೆ ಒತ್ತಿದೆ.
ನೂರು ಅಕ್ಷರ ಹಿಡಿಸುವ ಖಾಲಿ ಪೆಟ್ಟಿಗೆ.
ಕೆಂಪಾಜಮ್ಮ ಕೇಳಿದ್ದಾರೆ, ಎಂದು ಬರೆದೆ.
ಬೇಡಿದ ಹಾಗೆ ಕಂಡಿತು. ಅಳಿಸಿದೆ.
ದೂರಕ್ಕೆ ಕೇಳಿಸುತ್ತದೆ, ಎಂದು ಬರೆದೆ.

ಸಲ್ಲಿಸು ಒತ್ತಿದರೆ ಬರೀ ಚಕ್ರ ತಿರುಗುತ್ತಿತ್ತು.
ನಾಲ್ಕಾಯಿತೆಂದು ಆಕೆ ಸೌಟು ಹಿಡಿದು ಹೊರಟಳು.
ಮುಚ್ಚಳ ಇನ್ನೂ ತೊಳೆದಿರಲಿಲ್ಲ,
ಸದ್ದಿಗೆಲ್ಲ ಸಾರು ಅಂಟಿತ್ತು.