ಸಾವಿರದ ಇಪ್ಪತ್ತು ಕಿಲೋಹರ್ಟ್ಸ್

ಪಾಯ್ಸಂದು ಊರಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ
ನನ್ನದೊಂದು ಯಂತ್ರ. ಕಂತು ಇನ್ನೂ ಹದಿನಾಲ್ಕು ಬಾಕಿ.
ಕತ್ತಿಯಿಲ್ಲ, ಹೊಲಿಗೆಯಿಲ್ಲ. ತಣ್ಣನೆಯ ಜೆಲ್ಲು,
ಅದರ ಮೇಲೆ ಸುತ್ತುವ ಬೆಚ್ಚನೆಯ ಗುಂಡಿ.

ಗುರುವಾರ ಬಂದಾಕೆ ಸುಲ್ಮಾ ಎಚೆನಿಕೆ.
ಅರವತ್ತೆಂಟು. ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು,
ಕೈಯಲ್ಲಿ ಕಹಿ ಚಹಾದ ಸೋರೆಬುರುಡೆ.
"ಗದ್ದದ ಕೆಳಗೆ ನೋಡು, ಕೋಳಿಯ ಜೋಲು.
ಮೂವತ್ತೊಂಬತ್ತು ವರ್ಷ ಯಾರಿಗೂ ಕಂಡಿರಲಿಲ್ಲ.
ಈಗ ಸ್ಟುಡಿಯೋದಲ್ಲಿ ಕ್ಯಾಮೆರಾ ಇಟ್ಟಿದ್ದಾರೆ."

ಯಾವ ಸ್ಟುಡಿಯೋ, ನಾನು ಕೇಳಲಿಲ್ಲ.
ಗದ್ದದಿಂದ ಕಿವಿಗೆ, ಗದ್ದದಿಂದ ಕಿವಿಗೆ,
ನಲವತ್ತೊಂದು ಡಿಗ್ರಿ ಕಾಯ್ದುಕೊಳ್ಳಬೇಕು.
ಕಡಿಮೆಯಾದರೆ ದುಡ್ಡು ದಂಡ, ಹೆಚ್ಚಾದರೆ ಬೊಬ್ಬೆ.

"ಒಳಗೇನು ಓಡುತ್ತೆ?"
"ರೇಡಿಯೋ ಅಲೆ, ಸೆನ್ಯೋರಾ."
ಆಕೆ ನಕ್ಕ ರಭಸಕ್ಕೆ ನನ್ನ ಕೈ ಜಾರಿತು. "ಎಷ್ಟು?"
"ಒಂದು ಮೆಗಾಹರ್ಟ್ಸ್."
"ಅಂದರೆ ಸಾವಿರ ಕಿಲೋ. ನಮ್ಮದು ಸಾವಿರದ ಇಪ್ಪತ್ತು.
ಪಕ್ಕದ ಮನೆಯೇ!
ಇಷ್ಟು ದಿನ ಬಾಯಿಂದ ಆಚೆ ಕಳಿಸಿದ್ದೆಲ್ಲ
ಗಂಟಲ ತೊಗಲಿಗೇ ವಾಪಸು ಬಂತೇ?"

ಆಮೇಲೆ ಕಣ್ಣು ಮುಚ್ಚಿ, ತಮಾಷೆಗೆ, ಆ ದನಿಯಲ್ಲಿ:
"ಉರುಗ್ವೆ ನದಿ, ಬಂದರಿನಲ್ಲಿ ನಾಲ್ಕು ಮೀಟರು ಇಪ್ಪತ್ತು, ಏರುತ್ತಿದೆ.
ಕೇಬ್ರಾಚೋ ದಾರಿಯ ಎರಡನೇ ಗೇಟಿನ ಎವಾರಿಸ್ತೋಗೆ:
ಹೆಂಡತಿಗೆ ಹೆರಿಗೆಯಾಗಿದೆ. ಹೆಣ್ಣು. ಇಬ್ಬರೂ ಕ್ಷೇಮ.
ಕುದುರೆಯಲ್ಲಿ ಬರಬೇಡ, ಹಳ್ಳ ತುಂಬಿದೆ."

ಆ ಹೆಣ್ಣುಮಗು ನಾನಲ್ಲ. ನನ್ನಪ್ಪ ಎವಾರಿಸ್ತೋ ಅಲ್ಲ.
ಆದರೆ ಈ ದನಿ ನಮ್ಮ ಅಡುಗೆಮನೆಯ ಕಪಾಟಿನಲ್ಲಿ
ಹಿಟ್ಟಿನ ಡಬ್ಬದ ಪಕ್ಕ ಕೂತಿರುತ್ತಿತ್ತು.
ಯಾರದೋ ಹೆರಿಗೆಗೆ ಅಜ್ಜಿ ಕೈ ಒರೆಸಿಕೊಂಡು ಶಿಲುಬೆ ಬರೆದುಕೊಳ್ಳುವಳು,
ಯಾರದೋ ಸಾವಿಗೆ ಒಲೆ ಸಣ್ಣ ಮಾಡುವಳು.
ನಾನೊಂದು ಮುಖ ಕೊಟ್ಟಿದ್ದೆ ಅದಕ್ಕೆ:
ದಪ್ಪ ಜಡೆ, ಎಡಗೆನ್ನೆಯಲ್ಲಿ ಗುಳಿ.
ಎರಡೂ ಇಲ್ಲ ಇಲ್ಲಿ.

ಯಂತ್ರ ಕೀಂ ಎಂದಿತು. ನಲವತ್ತಮೂರು.
ಒಂದೇ ಕಡೆ ನಿಂತುಬಿಟ್ಟಿದ್ದೆ.
"ಸುಟ್ಟಿತಲ್ಲೇ, ಹುಡುಗಿ!"

ಕನ್ನಡಿ ಕೊಟ್ಟೆ. ಎಡಗಡೆ ಒಂದು ಕೂದಲೆಳೆಯಷ್ಟು ಬಿಗಿದಿತ್ತು,
ಅಥವಾ ಹಾಗೆಂದು ಇಬ್ಬರೂ ಒಪ್ಪಿಕೊಂಡೆವು.
ಇನ್ನೂ ಐದು ಸಲ ಬರಬೇಕು, ತೊಗಲಿಗೆ ಅವಸರವಿಲ್ಲ, ಅಂದೆ.
ಅರ್ಧ ಹಣ ವಾಪಸು ಕೊಟ್ಟೆ, ಸುಟ್ಟಿದ್ದಕ್ಕೆ ಅಂದೆ.

ಸೋಮವಾರ ಬೆಳಗ್ಗೆ ಫೋನಿನಲ್ಲಿ ಆಕೆಯ ಕಾರ್ಯಕ್ರಮ:
ಕೊರಳಿಗೆ ಸ್ಕಾರ್ಫು, ಕೆನ್ನೆಗೆ ಬಣ್ಣ,
ಎಲ್ಲಿ ನೋಡಬೇಕೆಂದು ತಿಳಿಯದ ಕಣ್ಣು.
ಫೋನನ್ನು ಬೋರಲು ಮಾಡಿ
ಹಿಟ್ಟಿನ ಡಬ್ಬದ ಪಕ್ಕ ಇಟ್ಟೆ.