ಬೀಗದಕೈ ಲೆಕ್ಕ

ಅಂಗಡಿ ಎಷ್ಟು ಬೆಳೆಯಿತು ಅಂತ
ಆಡಿಟರು ಕೋಟಿಯಲ್ಲಿ ಹೇಳುತ್ತಾರೆ.
ನನಗೆ ಗೊತ್ತಿರುವುದು ಬೀಗದ ಲೆಕ್ಕ.

ಮಂಡಿಪೇಟೆಯಲ್ಲಿ ಮೊದಲಿಗೆ ಒಂದೇ ಬೀಗ.
ಏಳಡಿ ಅಗಲದ ಹಲಗೆ ಬಾಗಿಲು,
ಬೀಗದಕೈ ಸಿದ್ದಗಂಗಮ್ಮನ ಸೆರಗಿನ ತುದಿಗೆ,
ಸುಣ್ಣದ ಡಬ್ಬಿ ಜೊತೆ ಗಂಟು.
ಒಳಗೆ ಸರಕೆಂದರೆ
ಸೆಂಟ್ರಿಂಗ್ ಹಲಗೆಯಿಂದ ಕಿತ್ತ ಸೊಟ್ಟ ಮೊಳೆ.
ಮೇಸ್ತ್ರಿಗಳು ಬಿಸಾಕಿದ್ದನ್ನು ಕಿಲೋಗೆ ಎಪ್ಪತ್ತು ಪೈಸೆಗೆ ಕೊಂಡು
ಹಳೇ ಒರಳಿನ ಬೆನ್ನ ಮೇಲಿಟ್ಟು
ಟಣ್, ಟಣ್,
ನೆಟ್ಟಗೆ ಮಾಡಿ ಮಾರುತ್ತಿದ್ದಳು.
ಎಡಗೈ ಹೆಬ್ಬೆರಳಲ್ಲಿ ಉಗುರೇ ನಿಲ್ಲಲಿಲ್ಲ.

ಎದುರು ಜಗಲಿಯಲ್ಲಿ ನನ್ನ ಕೊಡೆ, ಅರ, ಇಕ್ಕಳ,
ತಂತಿಗೆ ಪೋಣಿಸಿದ, ಇನ್ನೂ ಹಲ್ಲು ಬಾರದ ಬೀಗದಕೈಗಳು.
"ಖಾಸಿಂ ಸಾಬೂ, ಇನ್ನೊಂದು ಕೈ ಮಾಡಿಕೊಡು,
ಒಂದು ಕೈಲಿ ಆಗ್ತಾ ಇಲ್ಲ"
ಅಂತ ಅವಳು ನಕ್ಕ ದಿನ
ಮಗ ರೇಣುಕಪ್ರಸಾದ ಗಲ್ಲಾಕ್ಕೆ ಕೂತ.

ಆಮೇಲೆ ಬೀಗ ಮೂರಾದವು.
ಪೈಪಿಗೊಂದು, ಬಣ್ಣಕ್ಕೊಂದು,
ಪಕ್ಕದ ಮಳಿಗೆ ಕೊಂಡು ಗೋಡೆ ಒಡೆದದ್ದಕ್ಕೊಂದು.
ಗುಬ್ಬಿಯಿಂದ, ಕೊರಟಗೆರೆಯಿಂದ ಮನೆ ಕಟ್ಟಿಸುವವರು
ಬೀಡಿ ಕಟ್ಟಿನ ಕಾಗದದಲ್ಲಿ ಪಟ್ಟಿ ಬರೆಸಿ ತರುತ್ತಿದ್ದರು.
ಪಟ್ಟಿಯಲ್ಲಿ ಇಲ್ಲದ್ದನ್ನು ಅವಳು ಓದುತ್ತಿದ್ದಳು:
"ಮುಂಬಾಗಿಲಿಗೆ ಚಿಲಕ ಬರೆಸಿದೀಯ,
ಬಚ್ಚಲಿಗೆ ಬೇಡವೇನಪ್ಪ?
ಮನೇಲಿ ಹೆಣ್ಮಕ್ಕಳಿಲ್ವಾ?"
ಹಾಗೆ ಒಂದೊಂದು ಚಿಲಕ ಹೆಚ್ಚಿಗೆ ಮಾರಿ ಬೆಳೆದ ಅಂಗಡಿ.
ಅಕ್ಕರೆಯೋ, ವ್ಯಾಪಾರವೋ?
ನಡುವೆ ಗೋಡೆ ಇದ್ದದ್ದು ನಾನಂತೂ ಕಾಣೆ.

ಈಗ ಅಂತರಸನಹಳ್ಳಿ ಬಳಿ ನಾಲ್ಕು ಅಂತಸ್ತು.
ಶಿರಾದಲ್ಲೊಂದು, ತಿಪಟೂರಲ್ಲೊಂದು,
ಶ್ರಾವಣಕ್ಕೆ ಮಧುಗಿರಿಯಂತೆ.
ಜನ ಗಾಡಿ ತಳ್ಳಿಕೊಂಡು ಓಡಾಡುತ್ತಾರೆ:
ನೀರು ಕಾಣದ ಮುನ್ನೂರು ನಲ್ಲಿ,
ಗೋಡೆ ಇಲ್ಲದೆ ನಿಂತ ನಲವತ್ತು ಬಾಗಿಲು;
ತೆಗೆದು ದಾಟಿದರೆ
ಮತ್ತೆ ಅಂಗಡಿಯೊಳಕ್ಕೇ ಬರುತ್ತೀರಿ.
ನನ್ನ ಮೊಮ್ಮಗಳು ಮುಬೀನಾ ಟೈಲ್ಸ್ ವಿಭಾಗದಲ್ಲಿದ್ದಾಳೆ,
ಹೊಳೆಯುವುದು ಬೇಕೋ, ಜಾರದ್ದು ಬೇಕೋ ಅಂತ
ಕಾರಿನವರನ್ನೂ ಕೂರಿಸಿ ಕೇಳುತ್ತಾಳೆ.
ಅವಳ ಸಂಬಳದಲ್ಲೇ ನಮ್ಮ ಬಚ್ಚಲಿಗೆ ಚಿಲಕ ಬಂತು.

ಮಂಡಿಪೇಟೆಯಲ್ಲಿ ಮೂರು ಅಂಗಡಿ ಷಟರು ಎಳೆದವು.
ಆ ಬೀಗಗಳ ಕೈಯೂ ನಾನೇ ಮಾಡಿದ್ದು.
ಹಗ್ಗ ಸಲಿಕೆ ಮಾರುತ್ತಿದ್ದ ತೋಟಪ್ಪನ ಮಗ
ಈಗ ನಾಲ್ಕಂತಸ್ತಿನ ಹಗ್ಗದ ವಿಭಾಗಕ್ಕೆ ಮೇಲ್ವಿಚಾರಕ.
"ಚೆನ್ನಾಗಿದೀನಿ ಸಾಬಣ್ಣ" ಅಂತಾನೆ, ಸುಳ್ಳಲ್ಲ.
ಮೀಟರು ಅಳೆಯುವಾಗ ಮಾತ್ರ
ಅವನ ಕೈ ಇನ್ನೂ ಮೊಳ ಹಾಕುತ್ತದೆ.

ಹೊಸ ಬಾಗಿಲ ಬೀಗಕ್ಕೆ ಕೈ ಬೇಡ,
ಬೆರಳು ಸಾಕು.
ರೇಣುಕ ಇಟ್ಟ, ಹಸಿರು.
ಸೊಸೆ ಇಟ್ಟಳು, ಹಸಿರು.
ಅಮ್ಮನನ್ನು ಕುರ್ಚಿ ಹಾಕಿ ಕೂರಿಸಿ
ಹೆಬ್ಬೆರಳು ಒತ್ತಿಸಿದರು.
ಕೆಂಪು.
ಒರೆಸಿ ಒತ್ತಿಸಿದರು. ಕೆಂಪು.
ಬೇರೆ ಬೆರಳು. ಕೆಂಪು.
ಮೊಳೆ ಹಿಡಿದು ಹಿಡಿದು
ಗೆರೆ ಒಂದೂ ಉಳಿದಿರಲಿಲ್ಲ.
ಕಂಪನಿ ಹುಡುಗ ತಲೆ ಕೆರೆದ:
"ಕರೆಂಟು ಕೈಕೊಟ್ಟರೆ ಅಂತ ಕೆಳಗೊಂದು ತೂತಿದೆ ಮೇಡಂ,
ಅದಕ್ಕೆ ಕೀ ಬರುತ್ತೆ, ಒಂದೇ ಬರುತ್ತೆ."

ಮಧ್ಯಾಹ್ನ ಕಾರು ನನ್ನ ಕೊಡೆ ಪಕ್ಕ ನಿಂತಿತು.
ಅವಳು ಇಳಿಯಲಿಲ್ಲ, ಮಂಡಿ ನೋವು.
ಕಿಟಕಿಯಿಂದ ಆ ಒಂದನ್ನು ಚಾಚಿದಳು.
ವಿಚಿತ್ರ ಹಲ್ಲು, ಎರಡು ಕಡೆಗೂ ಗುಳಿ;
ಒಂದೂವರೆ ಗಂಟೆ ಅರ ಹಾಕಿದೆ.
ಅಷ್ಟೂ ಹೊತ್ತು ನೋಡುತ್ತ ಕೂತಿದ್ದಳು.
ಇನ್ನೂರು ಕೇಳಿದೆ.
ನೂರೈವತ್ತಕ್ಕೆ ಇಳಿಸಿ,
ಸೆರಗಿಗೆ ಗಂಟು ಹಾಕಿಕೊಂಡಳು.