ಒಣ ಕುಂಚ

ಚೌಬಾರಾದ ಹತ್ತಿರ ಅಪ್ಪನ ಅಂಗಡಿ.
ಕಪ್ಪು-ಬಿಳಿ ಫೋಟೊ ಕೊಟ್ಟರೆ
ಮರುವಾರ ಬಣ್ಣದ್ದಾಗಿ ಬರುತ್ತಿತ್ತು.
ಸತ್ತವರ ಕೆನ್ನೆಗೆ ತುಸು ಗುಲಾಬಿ,
ಬಡ ಮದುಮಗಳ ಕೊರಳಿಗೆ ಮೂರೆಳೆ ಬಂಗಾರ,
ಅದಕ್ಕೆ ಬೇರೆ ದುಡ್ಡು ತೊಗೊಳ್ಳುತ್ತಿರಲಿಲ್ಲ.
ಕುಂಚದ ತುದಿ ನಾಲಿಗೆಗೆ ಹಚ್ಚಿ ಚೂಪು ಮಾಡುವನು;
ಊಟಕ್ಕೆ ಕೂತಾಗ ನಾಲಿಗೆ
ಒಂದು ದಿನ ಹಸಿರು, ಒಂದು ದಿನ ನೇರಳೆ.

ಎದುರಿಗೆ ಬಿದರಿ ಕೆಲಸದ ಗಫೂರಸಾಬ ಅನ್ನುತ್ತಿದ್ದ:
"ನಿಂದೂ ಬೆಳ್ಳಿ ಕೆಲಸನೇ, ವೈಜಿನಾಥ.
ನಾ ಕೋಟಿ ಮಣ್ಣಾಗ ಕುದಿಸಿ ಕರಿ ಮಾಡ್ತೀನಿ, ಬೆಳ್ಳಿ ಹೊಳೀತದ.
ನಿನ್ನ ಬೆಳ್ಳಿ ಬೆಳಕು ಕಂಡು ತಾನೇ ಕರಿ ಆಗ್ತದ."

ಒಂದು ಮಧ್ಯಾಹ್ನ ಭಾಲ್ಕಿ ಕಡೆಯವರೊಬ್ಬರು ಬಂದರು.
ಹಳೆ ಪೇಪರಿನಲ್ಲಿ ಸುತ್ತಿದ ಫೋಟೊ:
ಐದು ಜನ, ಖಾಕಿ, ಎದೆಗೆ ಅಡ್ಡ ತೋಟಾಗಳ ಪಟ್ಟಿ,
ಹಿಂದೆ ಪರದೆಯ ಮೇಲೆ ಬರೆದ ಸರೋವರ, ಎರಡು ಹಂಸ.
"ನಡುವಿನವ್ರು ನಮ್ಮಪ್ಪ. ಮಗಳ ಮದುವಿ ಅದ, ಗ್ವಾಡಿಗಿ ಹಾಕಬೇಕು.
ಬಂದೂಕ ಬ್ಯಾಡ್ರಿ. ಒಂದು ಕೋಟ ಹಾಕ್ರಿ, ಕೈಯಾಗ ಪುಸ್ತಕ."
ಯಾವ ವರ್ಷದ್ದೆಂದು ಅಪ್ಪ ಕೇಳಲಿಲ್ಲ.
ಆ ವರ್ಷದ ಹೆಸರು ನಮ್ಮ ಕಡೆ ಯಾರೂ ಎತ್ತುವುದಿಲ್ಲ.

ಮೂರು ದಿನ ಬಣ್ಣದಲ್ಲಿ ಕೋಟು ಹೊಲಿದ.
ನಾಲ್ಕನೆಯ ದಿನ ಭೂತಗನ್ನಡಿ
ಎಡ ಅಂಚಿನವನ ಮುಖಕ್ಕೆ ಬಂತು.
ಬಲಗಿವಿ ಹರಿದಿತ್ತು. ಹಲ್ಲು ಬಿಟ್ಟು ನಗುತ್ತಿದ್ದ.
ನಮ್ಮಜ್ಜ.
ನನಗೆ ಧೋತರದ ತುದಿಯಲ್ಲಿ ಬೆಲ್ಲ ಕಟ್ಟಿ ತರುತ್ತಿದ್ದವನು.

ಅಪ್ಪ ಅವನ ಬಂದೂಕು ಅಳಿಸಲಿಲ್ಲ.
ಪುಸ್ತಕವನ್ನೂ ಕೊಡಲಿಲ್ಲ.
ಹಸಿ ಬಣ್ಣದ ಮೇಲೆ ಅಗಲದ ಒಣ ಕುಂಚ ಊರಿ
ಎಡದಿಂದ ಬಲಕ್ಕೆ, ಒಂದೇ ಸಲ, ಎಳೆದ.
ಓಡುವ ರೈಲಿನ ಕಿಟಕಿಯಲ್ಲಿ ಕಂಡಂತಾದರು ಐದೂ ಜನ.
"ಕೆಟ್ಟು ಹೋತ್ರಿ" ಎಂದು ಮುಂಗಡ ಮರಳಿಸಿದ.
ಅವರು ಬಹಳ ಹೊತ್ತು ನೋಡಿದರು.
ದುಡ್ಡು ತೊಗೊಂಡರು, ಫೋಟೊ ಅಲ್ಲೇ ಬಿಟ್ಟರು.

ಆಮೇಲೆ ಕಲಬುರಗಿ. ಚಿತ್ರಕಲಾ ಕಾಲೇಜಿನ ಲೈಬ್ರರಿ,
ಫ್ಯಾನು ತಿರುಗದ ಏಪ್ರಿಲ್, ಜರ್ಮನ್ ಚಿತ್ರಗಳ ದಪ್ಪ ಪುಸ್ತಕ.
ಯುದ್ಧ ಮುಗಿದ ಮೇಲೆ ಅಲ್ಲಿಯೂ ಯಾರೋ
ಮನೆಯ ಆಲ್ಬಮ್ಮಿನಿಂದ ಫೋಟೊ ಕಿತ್ತು
ಗುಂಡಿಯೊಂದೂ ಬಿಡದೆ ಕ್ಯಾನ್ವಾಸಿಗೆ ಇಳಿಸಿ
ಹಸಿ ಇರುವಾಗಲೇ ಒರೆಸಿದ್ದಾರೆ.
ಇದು ಮರೆಸುವುದೋ ತೋರಿಸುವುದೋ, ಮೇಷ್ಟ್ರು ಕೇಳಿದರು.
ನನ್ನ ನಾಲಿಗೆಯ ಮೇಲೆ
ಯಾವ ಬಣ್ಣವೂ ಇರಲಿಲ್ಲ.

ಆ ಫೋಟೊ ಈಗ ನನ್ನ ಟ್ರಂಕಿನಲ್ಲಿದೆ.
ಕೋಟು ಹೊಗೆ, ಬಂದೂಕು ಹೊಗೆ,
ಹಂಸಗಳು ಕೂಡ.
ಕುಂಚ ಊರಿದ ಜಾಗಕ್ಕಿಂತ ಕೂದಲೆಳೆಯಷ್ಟು ಈಚೆ
ಹರಿದ ಕಿವಿ
ಹಂಗೇ ಅದ.